ಒಂದು ಲೋಟ ನೀರು ಮತ್ತು ಕಾಳಜಿಯ ಹೊಣೆ

ನಾನು ಕೆಲಸ ಮಾಡುತ್ತಿದ್ದ ವೃದ್ಧರ ಆರೈಕೆ ಕೇಂದ್ರದಲ್ಲಿ, ಪಾರ್ಶ್ವವಾಯುವಿನಿಂದ ನುಂಗುವ ಶಕ್ತಿ ಕುಂದಿದ್ದ ಹಿರಿಯ ಮಹಿಳೆಯೊಬ್ಬರಿದ್ದರು. ಕುಡಿದದ್ದು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದೆಂಬ ಕಾರಣಕ್ಕೆ, ಅವರು ಕುಡಿಯುವುದೆಲ್ಲವನ್ನೂ ಪುಡಿ ಬೆರೆಸಿ ಮಂದವಾಗಿಸಿಯೇ ಕೊಡಬೇಕೆಂದು, ಮಾತಿನ ಜೊತೆಗೆ ನುಂಗುವ ತೊಂದರೆಯನ್ನೂ ನೋಡಿಕೊಳ್ಳುವ ವಾಕ್‌ಚಿಕಿತ್ಸಕರು ಬರೆದಿಟ್ಟಿದ್ದರು. ಒಂದು ಬೆಳಿಗ್ಗೆ ಆಕೆ ಲೋಟವನ್ನು ಸರಿಸಿ, "ಇದು ಬೇಡ, ನನಗೆ ನೀರು ಕೊಡಿ" ಎಂದರು.

ಆರೈಕೆಯ ಯೋಜನೆಯಲ್ಲಿ ಇಲ್ಲದ್ದನ್ನು ಕೊಟ್ಟು ಅನಾಹುತವಾದರೆ ಹೊಣೆ ನಮ್ಮ ತಲೆಗೆ ಬರುತ್ತದೆ ಎಂದು ಒಬ್ಬ ಸಹೋದ್ಯೋಗಿ ಎಚ್ಚರಿಸಿದರು. ಈ ವಯಸ್ಸಿನಲ್ಲಿ ನೀರನ್ನೂ ನಿರಾಕರಿಸುವುದೇ, ಸದ್ದಿಲ್ಲದೆ ಕೊಟ್ಟುಬಿಡಿ ಎಂದರು ಇನ್ನೊಬ್ಬರು. ಮೊದಲನೆಯದು ನಮ್ಮನ್ನು ಮಾತ್ರ ಕಾಯುತ್ತಿತ್ತು. ಎರಡನೆಯದು ಮರುಕದಿಂದ ಬಂದ ಮಾತಾದರೂ ಆಕೆಯನ್ನು ಕಾಯುತ್ತಿರಲಿಲ್ಲ, ಏಕೆಂದರೆ ಕೆಲವರಲ್ಲಿ ನೀರು ಶ್ವಾಸಕೋಶಕ್ಕೆ ಇಳಿದರೂ ಕೆಮ್ಮೇ ಬರುವುದಿಲ್ಲ, ಗುಟ್ಟಾಗಿ ಕೊಟ್ಟದ್ದನ್ನು ಮುಂದಿನ ಪಾಳಿಯವರು ತಿಳಿಯುವುದೂ ಇಲ್ಲ.

ಕಾಳಜಿಯ ಹೊಣೆಗೆ ಕಾನೂನಿನಲ್ಲಿ ಇಂದಿನ ರೂಪ ಕೊಟ್ಟದ್ದು ಬ್ರಿಟನ್ನಿನ 1932ರ ಡೊನೊಹ್ಯೂ ವಿರುದ್ಧ ಸ್ಟೀವನ್‌ಸನ್ ಪ್ರಕರಣದ ತೀರ್ಪು. ನಾವು ಮಾಡಿದ್ದರಿಂದಾಗಲಿ ಮಾಡದೆ ಬಿಟ್ಟದ್ದರಿಂದಾಗಲಿ ಯಾರಿಗೆ ಹಾನಿಯಾಗಬಹುದೆಂದು ಮೊದಲೇ ಊಹಿಸಬಲ್ಲೆವೋ ಅವರ ವಿಷಯದಲ್ಲಿ ಸಮಂಜಸವಾದ ಎಚ್ಚರ ವಹಿಸಬೇಕು ಎಂಬುದು ಅದರ ತಿರುಳು. ಎಲ್ಲ ಅಪಾಯವನ್ನೂ ಅಳಿಸಿಹಾಕಬೇಕೆಂದು ಅದು ಹೇಳುವುದಿಲ್ಲ, ಮಾಡದೆ ಬಿಟ್ಟದ್ದನ್ನು ಕ್ಷಮಿಸುವುದೂ ಇಲ್ಲ. ಆ ಬೆಳಿಗ್ಗೆ ದ್ರವ ಸೇವನೆಯ ಪಟ್ಟಿಯನ್ನು ತೆರೆದಾಗ, ಮಂದ ಪಾನೀಯ ಆರಂಭವಾದಂದಿನಿಂದ ಆಕೆ ಕುಡಿಯುವ ಪ್ರಮಾಣ ಇಳಿಯುತ್ತಲೇ ಬಂದಿರುವುದು ಕಂಡಿತು. ನಿರ್ಜಲೀಕರಣವೂ ಊಹಿಸಬಹುದಾದ ಹಾನಿಯೇ. ಅದು ನಿಧಾನವಾಗಿ ಬರುವುದರಿಂದ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ, ಅಷ್ಟೆ.

ಈಗಲೇ ಕೊಡಲಾರೆ, ಆದರೆ ಈ ಮಾತನ್ನು ಇಲ್ಲಿಗೆ ಬಿಡುವುದಿಲ್ಲ ಎಂದು ಆಕೆಗೆ ಹೇಳಿ, ಅವರ ಮಾತನ್ನು ಅವರದೇ ಪದಗಳಲ್ಲಿ ದಾಖಲಿಸಿ, ಮೇಲ್ವಿಚಾರಕರಿಗೆ ಪಟ್ಟಿಯನ್ನು ತೋರಿಸಿದೆ. ವಾಕ್‌ಚಿಕಿತ್ಸಕರು ಬಂದು ಆಕೆಯೊಡನೆ ಬಹಳ ಹೊತ್ತು ಮಾತನಾಡಿದರು. ವಿಷಯವನ್ನು ಅರ್ಥಮಾಡಿಕೊಳ್ಳಬಲ್ಲರೇ, ನೆನಪಿನಲ್ಲಿಟ್ಟುಕೊಳ್ಳಬಲ್ಲರೇ, ತೂಗಿನೋಡಬಲ್ಲರೇ, ತೀರ್ಮಾನವನ್ನು ತಿಳಿಸಬಲ್ಲರೇ ಎಂದು ಇಂಗ್ಲೆಂಡ್ ಮತ್ತು ವೇಲ್ಸ್‌ನ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆ ಕೇಳುತ್ತದೆ. ಇತರರಿಗೆ ಅವಿವೇಕವೆನಿಸುವ ತೀರ್ಮಾನವನ್ನು ಮಾಡಿದ ಮಾತ್ರಕ್ಕೆ ಒಬ್ಬರಿಗೆ ತೀರ್ಮಾನಿಸುವ ಸಾಮರ್ಥ್ಯವಿಲ್ಲವೆಂದು ಭಾವಿಸಬಾರದೆಂದೂ ಹೇಳುತ್ತದೆ. ಎಲ್ಲಿಯೇ ಆದರೂ ಇವು ಕೇಳಲೇಬೇಕಾದ ಪ್ರಶ್ನೆಗಳೆಂದು ನಾನು ನಂಬುತ್ತೇನೆ. ಜ್ವರ ಬರಬಹುದು, ಪ್ರಾಣವೂ ಹೋಗಬಹುದು, ಆದರೂ ಬಾಯಾರಿಕೊಂಡು ಬದುಕುವುದು ತಮಗೆ ಬೇಡ ಎಂದು ಆಕೆ ತಡವರಿಸುತ್ತಲೇ ಸ್ಪಷ್ಟವಾಗಿ ಹೇಳಿದರು.

ಹೊಸ ಯೋಜನೆ ಹೀಗೆ ನಿಂತಿತು: ಊಟದ ಜೊತೆಗೆ ಮಂದ ಪಾನೀಯವೇ, ಊಟಗಳ ನಡುವೆ, ಬಾಯಿಯ ಸೂಕ್ಷ್ಮಾಣುಗಳು ನೀರಿನೊಡನೆ ಒಳಗಿಳಿಯದಂತೆ ಹಲ್ಲು ಮತ್ತು ನಾಲಿಗೆಯನ್ನು ಸ್ವಚ್ಛಗೊಳಿಸಿದ ಮೇಲೆ, ನೇರವಾಗಿ ಕೂರಿಸಿ, ಒಬ್ಬರು ಜೊತೆಗಿದ್ದು, ಗುಟುಕು ಗುಟುಕಾಗಿ ಬರಿಯ ನೀರು. ಉಸಿರಾಟ ಮತ್ತು ಜ್ವರದ ಮೇಲೆ ನಿಗಾ. ಯಾರು, ಏಕೆ ತೀರ್ಮಾನಿಸಿದರು, ಯಾವಾಗ ಮತ್ತೆ ಪರಿಶೀಲಿಸಬೇಕು ಎಂಬುದೆಲ್ಲ ರಾತ್ರಿ ಪಾಳಿಯವರೂ ಓದುವಂತೆ ಬರಹದಲ್ಲಿತ್ತು.

ಆಕೆಯ ಮಗಳಿಗೆ ಇದು ಒಪ್ಪಿಗೆಯಾಗಲಿಲ್ಲ. ಅಮ್ಮನಿಗೆ ಏನಾದರೂ ಆದೀತೆಂಬ ಅವರ ಭಯವನ್ನು ತಳ್ಳಿಹಾಕುವ ಹಕ್ಕು ನಮಗಿರಲಿಲ್ಲ. ಆದ್ದರಿಂದ ಅವರ ಆಕ್ಷೇಪವನ್ನೂ ದಾಖಲಿಸಿದೆವು. ಹೊರಡುವ ಮುನ್ನ ಅವರು, ತಾವು ಬಂದಾಗ ತಾವೇ ಅಮ್ಮನಿಗೆ ನೀರು ಕುಡಿಸಲು ಆ ಕ್ರಮವನ್ನು ಕಲಿಸಿಕೊಡಿ ಎಂದು ಕೇಳಿದರು.