ಕಲ್ಲಿಲ್ಲದಿದ್ದರೂ ಸುತ್ತಿಕೊಂಡು ಬರುವ ಮೀನುಗಳು

ನಮ್ಮನೆ ಹಾಲ್‌ನಲ್ಲಿ ಎರಡಡಿ ಉದ್ದದ ಅಕ್ವೇರಿಯಂ ಇದೆ. ಅದರಲ್ಲಿರುವುದು ಜೀಬ್ರಾ ಡ್ಯಾನಿಯೋ, ಕಿರುಬೆರಳಿಗಿಂತ ಚಿಕ್ಕ ಪಟ್ಟೆ ಮೀನು. ಅಂಗಡಿಯಲ್ಲಿ ವಿದೇಶಿ ಮೀನುಗಳ ಜೊತೆ ಮಾರುತ್ತಾರೆ. ಆದರೆ ಇದು ನಮ್ಮದೇ ಮೀನು. ಭಾರತ, ನೇಪಾಳ, ಬಾಂಗ್ಲಾದೇಶಗಳ ಹಳ್ಳಗಳಲ್ಲಿ, ಗದ್ದೆ ನೀರಿನಲ್ಲಿ ಬದುಕುವಂಥದ್ದು.

ಹೋದ ಬೇಸಿಗೆಯಲ್ಲಿ ನಲ್ಲಿ ನೀರು ನಿಂತು ಟ್ಯಾಂಕರ್ ತರಿಸಿದ್ದೆವು. ಆ ನೀರನ್ನು ಒಂದು ದಿನವೂ ಬಕೆಟ್‌ನಲ್ಲಿ ಇಡದೆ ನೇರವಾಗಿ ಅಕ್ವೇರಿಯಂಗೆ ಸುರಿದೆ. ತಪ್ಪು ನನ್ನದೇ. ಬೆಳಗ್ಗೆ ಆರರಲ್ಲಿ ಐದು ಮೀನು ತೇಲುತ್ತಿದ್ದವು.

ಉಳಿದ ಒಂದು ಮೀನು ಮೂರು ವಾರ ಒಂಟಿಯಾಗಿತ್ತು. ಮೊದಲೆಲ್ಲ ಊಟದ ಡಬ್ಬಿ ಮುಚ್ಚಳ ತೆಗೆದರೆ ಸಾಕು, ಬಲಗಡೆ ಮೂಲೆಗೆ ಓಡಿ ಬರುತ್ತಿತ್ತು. ಈಗ ಗಿಡದ ಹಿಂದೆ ನಿಂತೇ ಇರುತ್ತಿತ್ತು. ನೋಡಲಾಗದೆ ಆರು ಹೊಸ ಮೀನು ತಂದೆ. ನೀರಿಗೆ ಒಗ್ಗಲಿ ಎಂದು ಅವನ್ನು ಕವರ್ ಸಮೇತ ತೇಲಿಬಿಟ್ಟೆ. ಕವರಿನೊಳಗಿನ ಮೀನುಗಳು ಹಳೇ ಮೀನಿಗೆ ಕಾಣುತ್ತಿದ್ದವು, ಆದರೂ ಅಲ್ಲಾಡಲಿಲ್ಲ. ಕವರ್ ಬಿಚ್ಚಿ ಬಿಟ್ಟೆ. ಸಂಜೆಯೊಳಗೆ ಏಳೂ ಒಟ್ಟಿಗೆ ಈಜುತ್ತಿದ್ದವು.

ನನ್ನ ಒಂದು ಮೀನಿನಿಂದ ಏನನ್ನೂ ಸಾಬೀತು ಮಾಡಲಾಗದು, ಅದು ಗೊತ್ತು. ಆದರೆ ಜರ್ಮನಿಯ ಫ್ರಾಂಕ್‌ಫರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಮೆದುಳು ಸಂಶೋಧನಾ ಸಂಸ್ಥೆಯವರು 2020ರಲ್ಲಿ ಇದೇ ಜಾತಿಯ ಮರಿಗಳಲ್ಲಿ ಕಂಡದ್ದನ್ನು ಓದಿದಾಗ ಮೈ ಜುಮ್ಮೆಂದಿತು. ಪಿಟಿಎಚ್2 ಎಂಬ ಹಾರ್ಮೋನಿನ ಜೀನ್ ಮೀನಿನ ಮೆದುಳಿನಲ್ಲಿ ಎಷ್ಟು ಚುರುಕಾಗಿರುತ್ತದೆ ಎನ್ನುವುದು ಸುತ್ತ ಎಷ್ಟು ಜೊತೆಗಾರರಿದ್ದಾರೆ ಎನ್ನುವುದರ ಮೇಲಿದೆ. ಒಂಟಿ ಮಾಡಿದರೆ ಕುಸಿಯುತ್ತದೆ. ಮತ್ತೆ ಗುಂಪಿಗೆ ಬಿಟ್ಟರೆ ಅರ್ಧ ಗಂಟೆಯಲ್ಲೇ ಏರಲು ಶುರು. ಜೊತೆಯವರು ಕಂಡರಷ್ಟೇ ಸಾಲದು. ಅವರು ಈಜುವಾಗ ಅಲುಗುವ ನೀರು ಮೈಗೆ ತಾಕಬೇಕು. ಮೀನಿನ ಮೈಯ ಎರಡೂ ಪಕ್ಕದಲ್ಲಿ ಆ ಅಲುಗಾಟವನ್ನು ಗುರುತಿಸುವ ಸಣ್ಣ ಅಂಗಗಳ ಸಾಲೇ ಇದೆ.

ಇನ್ನು ದಾರಿಯ ವಿಷಯ. ಮೊದಲು ನಮ್ಮ ತೊಟ್ಟಿಯ ನಡುವೆ ಒಂದು ದೊಡ್ಡ ಕಲ್ಲಿತ್ತು. ಮೀನುಗಳು ಅದರ ಹಿಂದಿನಿಂದ ಸುತ್ತಿಕೊಂಡು ಊಟದ ಮೂಲೆಗೆ ಬರುತ್ತಿದ್ದವು. ಟ್ಯಾಂಕರ್ ನೀರಿನ ಅನಾಹುತದ ದಿನ ತೊಳೆಯುವಾಗ ಕಲ್ಲನ್ನು ತೆಗೆದೆ. ಹಳೇ ಮೀನು ಈಗಲೂ ಸುತ್ತಿಕೊಂಡೇ ಬರುತ್ತದೆ. ಕಲ್ಲನ್ನೇ ನೋಡಿರದ ಹೊಸ ಆರೂ ಆ ಮೀನಿನ ಹಿಂದೆ ಸುತ್ತುತ್ತವೆ!

ಕೆವಿನ್ ಲಾಲಂಡ್ ಮತ್ತು ಕೆರಿ ವಿಲಿಯಮ್ಸ್ ಎಂಬ ವಿಜ್ಞಾನಿಗಳು 1998ರಲ್ಲಿ ಗಪ್ಪಿ ಮೀನುಗಳಲ್ಲಿ ತೋರಿಸಿದ್ದು ಇದಕ್ಕೆ ತುಂಬ ಹತ್ತಿರದ್ದು. ಕೆಲವು ಗಪ್ಪಿಗಳಿಗೆ ಊಟಕ್ಕೆ ಹೋಗುವ ದೂರದ ದಾರಿ ಕಲಿಸಿದರು. ಆಮೇಲೆ ಅವನ್ನು ಒಂದೊಂದಾಗಿ ತೆಗೆದು ಹೊಸಬರನ್ನು ಬಿಟ್ಟರು. ಕಲಿತವರು ಒಬ್ಬರೂ ಉಳಿಯದಿದ್ದರೂ ಗುಂಪು ದೂರದ ದಾರಿಯನ್ನೇ ಹಿಡಿಯುತ್ತಿತ್ತು. ಇಂಥ ಗುಂಪಿನ ಜೊತೆ ಈಜಿದ ಮೀನು ಹತ್ತಿರದ ದಾರಿ ಕಲಿಯಲು ಒಂಟಿ ಮೀನಿಗಿಂತ ಜಾಸ್ತಿ ಸಮಯ ತೆಗೆದುಕೊಂಡಿತು. ಮನುಷ್ಯರ ಊರುಗಳಲ್ಲೂ ಹೀಗೇ ಅಲ್ವಾ?

ದಾರಿ ನೆನಪಿಡುವ ಕೆಲಸ ಮೆದುಳಿನ ಯಾವ ಭಾಗದ್ದು ಎಂದು ಹುಡುಕಿದವರು ಸ್ಪೇನಿನ ಸೆವಿಲ್ಲಾದ ವಿಜ್ಞಾನಿಗಳು. ಅವರು ನೋಡಿದ್ದು ಗೋಲ್ಡ್‌ಫಿಶ್ ಮೆದುಳನ್ನು. ಮೀನಿನ ಮುಮ್ಮೆದುಳು ಬೆಳೆಯುವಾಗ ನಮ್ಮದರಂತೆ ಒಳಕ್ಕೆ ಮಡಚಿಕೊಳ್ಳುವುದಿಲ್ಲ, ಹೊರಕ್ಕೆ ತೆರೆದುಕೊಳ್ಳುತ್ತದೆ. ಹಾಗಾಗಿ ನಮ್ಮ ಮೆದುಳಿನಲ್ಲಿ ದಾರಿ ನೆನಪಿಡುವ ಹಿಪೊಕ್ಯಾಂಪಸ್‌ಗೆ ಸಮನಾದ ಭಾಗ ಅಲ್ಲಿ ಹೊರಮಗ್ಗುಲಲ್ಲಿದೆ. ಅದಕ್ಕೆ ಪೆಟ್ಟಾದರೆ ಮೀನಿಗೆ ಜಾಗದ ನಕ್ಷೆ ಮರೆಯುತ್ತದೆ. ಊಟದ ಪಕ್ಕದಲ್ಲೇ ಗುರುತಿದ್ದರೆ ಮಾತ್ರ ಅದನ್ನು ನೋಡಿಕೊಂಡು ಹೋಗಬಲ್ಲದು. ಒಳಮಗ್ಗುಲಿಗೆ ಪೆಟ್ಟಾದರೆ ದಾರಿ ನೆನಪಿರುತ್ತದೆ, ಅಪಾಯದಿಂದ ತಪ್ಪಿಸಿಕೊಳ್ಳಲು ಕಲಿತದ್ದು ಹೋಗುತ್ತದೆ.

ಹೆದರಿಕೆಯೂ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ನಾನು ಬಲೆ ಇಳಿಸಿದರೆ ಒಂದು ಬೆಚ್ಚುತ್ತದೆ, ಏಳೂ ಸ್ತಬ್ಧ. ಪೋರ್ಚುಗಲ್‌ನ ಸಂಶೋಧಕರು 2023ರಲ್ಲಿ ಜೀಬ್ರಾ ಡ್ಯಾನಿಯೋಗಳಲ್ಲೇ ಇದಕ್ಕೆ ಆಕ್ಸಿಟೋಸಿನ್ ಬೇಕು ಎಂದು ತೋರಿಸಿದರು. ತಾಯಿಗೆ ಹೆರಿಗೆಯಲ್ಲಿ, ಹಾಲೂಡಿಸುವಾಗ ಬೇಕಾಗುವ ಅದೇ ಹಾರ್ಮೋನು.

ಮೊನ್ನೆ ಡಬ್ಬಿ ತೆರೆದಾಗ ಹೊಸತರಲ್ಲಿ ಒಂದು ಮೀನು ಗುಂಪು ಬಿಟ್ಟು ನೇರವಾಗಿ ಹೊರಟಿತು. ನಾನು ಉಸಿರು ಹಿಡಿದು ನೋಡುತ್ತಿದ್ದೆ. ಅರ್ಧ ದಾರಿಗೆ ಬಂದು ನಿಂತಿತು, ತಿರುಗಿತು. ಗುಂಪಿನ ಬಾಲಕ್ಕೆ ಸೇರಿಕೊಂಡು ಇಲ್ಲದ ಕಲ್ಲನ್ನು ಸುತ್ತಿ ಬಂತು.