ತೋರಿಸೋದು 25, ಓಡೋದು 32

ಕೊನೆಗೂ ಸಿಕ್ತು! ಕಿಟ್ ಹಾಕಿ ಎಲೆಕ್ಟ್ರಿಕ್ ಮಾಡಿದ ನನ್ನ ಸೈಕಲ್ಲಿನಲ್ಲಿ ತಲೆ ತಿನ್ನುತ್ತಿದ್ದ ಸ್ಪೀಡ್ ಲಿಮಿಟ್ ಸಮಸ್ಯೆ ಬಗೆಹರಿಯಿತು.

ಹಬ್ ಮೋಟಾರ್ (ಚಕ್ರದ ನಡುವೆ ಕೂರೋ ಮೋಟಾರ್) ಕೂರಿಸೋದು, ವೈರಿಂಗ್ ಎಲ್ಲ ಇಲ್ಲಿ ಬಿಟ್ಟುಬಿಡ್ತೀನಿ. ಬೆಳಗ್ಗೆ ಬೆಂಗಳೂರಿನ ಜ್ಞಾನಭಾರತಿ ಕ್ಯಾಂಪಸ್‌ನ ಖಾಲಿ ರಸ್ತೆಯಲ್ಲಿ ಡಿಸ್‌ಪ್ಲೇ ಗಂಟೆಗೆ 25 ಕಿ.ಮೀ. ತೋರಿಸುತ್ತಿತ್ತು, ಫೋನಿನ ಜಿಪಿಎಸ್ 32 ಅನ್ನುತ್ತಿತ್ತು. ಮೋಟಾರ್ ಇನ್ನೂ ತಳ್ಳುತ್ತಲೇ ಇತ್ತು.

ಇದು ಸಣ್ಣ ವಿಷಯ ಅಲ್ಲ. ಕಾನೂನಿನ ಪ್ರಕಾರ ಮೋಟಾರಿನ 30 ನಿಮಿಷದ ಪವರ್ (ಅರ್ಧ ಗಂಟೆ ಎಡೆಬಿಡದೆ ಕೊಡಬಲ್ಲ ಪವರ್) 250 ವ್ಯಾಟ್‌ಗಿಂತ ಕಡಿಮೆ ಇರಬೇಕು, 25 ಕಿ.ಮೀ. ವೇಗಕ್ಕೆ ಮೋಟಾರಿನ ಸಹಾಯ ಪೂರ್ತಿ ನಿಲ್ಲಬೇಕು, ಪೆಡಲ್ ನಿಲ್ಲಿಸಿದರೂ ನಿಲ್ಲಬೇಕು. ಆಗ ಮಾತ್ರ ರಿಜಿಸ್ಟ್ರೇಷನ್, ಲೈಸೆನ್ಸ್ ಬೇಡ. ಕಾನೂನು ಪಕ್ಕಕ್ಕಿಟ್ಟರೂ, 25ರ ಬದಲು 32ರಲ್ಲಿ ಹೋದರೆ ಬ್ರೇಕ್ ತಡೀಬೇಕಾದ ಶಕ್ತಿ 1.6 ಪಟ್ಟು. ಮಳೆಯಲ್ಲಿ ನೆನೆದ ರಿಮ್ಮು, ಸವೆದ ರಬ್ಬರ್ ಪ್ಯಾಡು, ಎದುರಿಗೆ ಬಸ್ಸಿಂದ ಇಳಿಯೋ ಮಕ್ಕಳು. ನೆನೆಸಿಕೊಂಡ್ರೇ ಭಯ.

ಕಿಟ್ ಕೊಟ್ಟವರಿಗೆ ಫೋನ್ ಮಾಡಿದೆ. “ಎಲ್ಲಾ ಲೀಗಲ್ ಸಾರ್, 25ಕ್ಕೆ ಲಾಕ್ ಮಾಡಿದೀವಿ” ಅಂದರು. ಮ್ಯಾನ್ಯುಯಲ್ ಕೇಳಿದ್ರೆ ಕಳಿಸ್ತೀವಿ ಅಂದವರು ಕಳಿಸಲೇ ಇಲ್ಲ.

ಮೊದಲು ಅನುಮಾನ ಬಂದದ್ದು ಕಂಟ್ರೋಲರ್ ಮೇಲೆ, ಅಂದ್ರೆ ಮೋಟಾರಿಗೆ ಎಷ್ಟು ಕರೆಂಟ್ ಹೋಗಬೇಕು ಅಂತ ನಿಯಂತ್ರಿಸೋ ಡಬ್ಬಿ ಮೇಲೆ. 36 ವೋಲ್ಟ್, 15 ಆಂಪ್, ಗುಣಿಸಿದರೆ 540 ವ್ಯಾಟ್. ಆದರೆ ಅದು ಫ್ಲೈಓವರ್ ಏರುವಾಗ ಸ್ವಲ್ಪ ಹೊತ್ತು ಎಳೆಯುವ ಪವರ್. ಕಟ್ ಆಗದೇ ಇರೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಸೈಕಲ್ ಸ್ಟ್ಯಾಂಡ್ ಮೇಲೇರಿಸಿ ಕೈಯಲ್ಲಿ ಪೆಡಲ್ ತಿರುಗಿಸಿದೆ. ಡಿಸ್‌ಪ್ಲೇ 25 ಮುಟ್ಟಿತು, ಮೋಟಾರ್ ಸದ್ದು ಇಳಿಯಿತು. ಅಂದ್ರೆ ಲಿಮಿಟ್ ಕೆಲಸ ಮಾಡ್ತಿದೆ, ಅಳತೆಯೇ ಸುಳ್ಳು! ಕಂಟ್ರೋಲರ್ ಎಣಿಸೋದು ಚಕ್ರದ ಸುತ್ತು ಮಾತ್ರ. ಅದನ್ನ ವೇಗ ಮಾಡಲು ಚಕ್ರದ ಸೈಜು ಬೇಕು. ಸೆಟ್ಟಿಂಗ್ ತೆರೆದು ನೋಡಿದರೆ 20 ಇಂಚು ಅಂತ ತುಂಬಿದ್ದಾರೆ. ನನ್ನದು 26 ಇಂಚಿನ ಚಕ್ರ. 25 ಇಂಟು 26 ಭಾಗಿಸು 20, 32.5. ಲೆಕ್ಕ ಕೂಡಿಬಂತು.

26 ಹಾಕಿದೆ. ಈಗ ಜಿಪಿಎಸ್ಸೂ ಡಿಸ್‌ಪ್ಲೇಯೂ ಒಂದೇ ಹೇಳ್ತಿವೆ, 25ರ ಹತ್ತಿರ ಮೋಟಾರ್ ಮೆಲ್ಲಗೆ ಕೈಬಿಡುತ್ತೆ. ಕಿಟ್ ಕೊಂಡವರು ದಯವಿಟ್ಟು ಇವತ್ತೇ ಈ ಒಂದು ಸೆಟ್ಟಿಂಗ್ ನೋಡಿ.

ಅಂದಹಾಗೆ, ಮುಂದಿನದು ಕಾರ್ಗೋ ಸೈಕಲ್. ತರಕಾರಿ ಮೂಟೆ ಹೊರುವಂಥದ್ದು. ರಿಜಿಸ್ಟ್ರೇಷನ್ ಬೇಡ ಅನ್ನಬೇಕಾದರೆ ಸೈಕಲ್ ತೂಕ ಬ್ಯಾಟರಿ ಬಿಟ್ಟು 60 ಕೆ.ಜಿ. ದಾಟಬಾರದು, ಹಾಗಾಗಿ ಫ್ರೇಮ್ ತೂಕದ ಲೆಕ್ಕ ಶುರುವಾಗಿದೆ. ಅದಕ್ಕೆ ರಿಮ್ ಬ್ರೇಕ್ ಸಾಲೋದಿಲ್ಲ, ಎರಡೂ ಕಡೆ ಡಿಸ್ಕ್. ಎಸ್.ಪಿ. ರೋಡಿನಲ್ಲಿ ಬ್ರೇಕ್ ಹಿಡಿದ ಕೂಡಲೇ ಮೋಟಾರ್ ಕಟ್ ಆಗೋ ಸ್ವಿಚ್ ಇರುವ ಬ್ರೇಕ್ ಲಿವರ್ ಹುಡುಕ್ತಿದ್ದೀನಿ. ಒಳ್ಳೇದು ಎಲ್ಲಿ ಸಿಗುತ್ತೆ ಗೊತ್ತಿದ್ರೆ ತಿಳಿಸಿ.