ಟರ್ಕಿ ಕೋಳಿ ಹೊತ್ತು ರಸ್ತೆ ತಡೆ ದಾಟಿದ ದಿನ

ಜೀವನದಲ್ಲಿ ಮೊದಲ ಸಲ ನನ್ನನ್ನು ‘ಬೆಳ್ಳಗಿರೋ ಹುಡುಗಿ’ ಅಂತ ಯಾರಾದರೂ ಕರೆದಿದ್ದರೆ ಅದು ಮೆಕ್ಸಿಕೋದಲ್ಲಿ. ವಹಾಕಾ ನಗರದ ದೊಡ್ಡ ಮಾರ್ಕೆಟ್ಟಿನಲ್ಲಿ ಟೊಮೆಟೊ ಮಾರುವ ಹೆಂಗಸು, “ಏನು ಬೇಕು ಗ್ವೆರಿತಾ?” ಅಂದಳು. ಯಾರಿಗೆ ಹೇಳಿದಳು ಅಂತ ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಗ್ವೆರಿತಾ ಅಂದರೆ ಬಿಳಿ ಬಣ್ಣದವಳು. ನಮ್ಮಲ್ಲಿ ‘ಬನ್ನಿ ಅಕ್ಕಾ’ ಅಂತ ಕರೆಯುವ ಹಾಗೆ ಅಲ್ಲಿ ಗಿರಾಕಿಗಳನ್ನೆಲ್ಲ ಹಾಗೇ ಕರೆಯುತ್ತಾರೆ, ಬಣ್ಣ ಯಾವುದಾದರೂ ಸರಿ. ಅದು ಆಮೇಲೆ ಗೊತ್ತಾಯಿತು. ತೀರ್ಥಹಳ್ಳಿಯಲ್ಲಿ ‘ಹುಡುಗಿ ಲಕ್ಷಣವಾಗಿದಾಳೆ, ಬಣ್ಣ ಒಂದು ಸ್ವಲ್ಪ...’ ಅಂತ ಕೇಳಿಕೊಂಡೇ ಬೆಳೆದವಳು ನಾನು. ಆವತ್ತು ಒಂದು ಕಿಲೋ ಟೊಮೆಟೊ ಜಾಸ್ತಿ ತೆಗೆದುಕೊಂಡೆ.

ಆಗ ನನಗೆ 24. ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ತಿಂಗಳಿಗೆ ಒಂಬತ್ತು ಸಾವಿರ ಪೆಸೊ ಸಂಬಳ. ಕೆಲಸಕ್ಕೆ ಸೇರಿದ ದಿನ ಗೇಟಿನ ಹತ್ತಿರ ನಿಂತಿದ್ದ ತಾಯಂದಿರು, “ವಿದೇಶದಿಂದ ಹೊಸ ಟೀಚರ್ ಬಂದಿದಾರಂತಲ್ಲ, ಎಲ್ಲಿ?” ಅಂತ ನನ್ನನ್ನೇ ಕೇಳಿದ್ದರು. ಅವರು ಹುಡುಕುತ್ತಿದ್ದದ್ದು ಚಿನ್ನದ ಕೂದಲಿನವಳನ್ನು. ನಾನೇ ಅಂದಾಗ ಒಂದು ಕ್ಷಣ ಸುಮ್ಮನಾದರು. “ಹೌದಾ, ಎಲ್ಲಿಯವರು?” “ಇಂಡಿಯಾ.” “ಓ, ಹಿಂದೂ!” ಅಂದರು. ಅಲ್ಲಿ ‘ಇಂದಿಯೊ’ ಅಂದರೆ ಮೂಲನಿವಾಸಿಗಳನ್ನು ಹೀಯಾಳಿಸುವ ಮಾತು. ಮರ್ಯಾದಸ್ಥರು ಬಾಯಲ್ಲಿ ಆಡುವುದಿಲ್ಲ. ಹಾಗಾಗಿ ಭಾರತದಿಂದ ಬಂದವರು ಯಾವ ಧರ್ಮದವರಾದರೂ ‘ಹಿಂದೂ’ನೇ. ಮಕ್ಕಳಿಗೂ ನಾನು ‘ಹಿಂದೂ ಟೀಚರ್’ ಆದೆ.

2019ರ ಏಪ್ರಿಲ್‌ನಲ್ಲಿ ಈಸ್ಟರ್ ರಜೆ ಬಂತು. ಎಂಟು ತಿಂಗಳು ಬೆಟ್ಟಗಳ ಮಧ್ಯೆ ಕೂತು ಸಮುದ್ರ ನೋಡುವ ಆಸೆಯಾಗಿತ್ತು. ಮಸುಂತೆ ಅನ್ನುವ ಸಣ್ಣ ಊರಿಗೆ ಹೊರಟೆ. 2024ರಲ್ಲಿ ಹೊಸ ಹೆದ್ದಾರಿ ಆದ ಮೇಲೆ ವಹಾಕಾದಿಂದ ಕರಾವಳಿಗೆ ಮೂರು ಗಂಟೆಯ ದಾರಿ. ನಾನು ಹೋದಾಗ ಇದ್ದದ್ದು ಬೆಟ್ಟ ಹತ್ತಿ ಇಳಿಯುವ ಹಳೇ 175ನೇ ನಂಬರಿನ ರಸ್ತೆ. 240 ಕಿಲೋಮೀಟರಿಗೆ ಆರೇಳು ಗಂಟೆ. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ತಿರುವು ಅಂತ ನಾವು ಜಂಬದಿಂದ ಲೆಕ್ಕ ಹೇಳುತ್ತೇವೆ. ಅಲ್ಲಿ ಎಣಿಸುವ ಗೋಜಿಗೆ ಯಾರೂ ಹೋಗುವುದಿಲ್ಲ.

ವ್ಯಾನಿನಲ್ಲಿ ನನ್ನ ಪಕ್ಕ ಅರವತ್ತರ ಆಸುಪಾಸಿನ ಹೆಂಗಸು ಕೂತಿದ್ದರು. ಉದ್ದ ಜಡೆ, ಜಡೆಯ ಜೊತೆ ಹೆಣೆದ ಹಸಿರು ರಿಬ್ಬನ್ನು, ಹೆಗಲ ಮೇಲೆ ಬೂದು ಬಣ್ಣದ ಶಾಲು. ಕಾಲ ಹತ್ತಿರ ಐದು ಲೀಟರಿನ ಮೆಸ್ಕಾಲ್ ಕ್ಯಾನು. ಮೆಸ್ಕಾಲ್ ಅಂದರೆ ಭೂತಾಳೆ ಜಾತಿಯ ಗಿಡದ ಗಡ್ಡೆ ಸುಟ್ಟು ಇಳಿಸುವ ಸಾರಾಯಿ. ಹಿಂದೆ ಲಗೇಜಿನ ಮಧ್ಯೆ ಅವರದೇ ಒಂದು ಪ್ಲಾಸ್ಟಿಕ್ ಚೀಲ. ಅದಕ್ಕೆ ಒಂದು ತೂತು, ತೂತಿನಲ್ಲಿ ಒಂದು ತಲೆ. ಕೆಂಪು, ನೀಲಿ, ಸುಕ್ಕುಸುಕ್ಕು ಮುಖದ ಟರ್ಕಿ ಕೋಳಿ. ಹತ್ತಿಸುವಾಗ ಡ್ರೈವರ್ ಬೇಡ ಅಂದಿದ್ದ. ಈ ಸೆನ್ಯೋರಾ ಏನೂ ವಾದ ಮಾಡದೆ ಚೀಲ ಒಳಗಿಟ್ಟು, ಅದಕ್ಕೂ ಅರ್ಧ ಟಿಕೆಟ್ಟಿನ ದುಡ್ಡು ಅವನ ಕೈಗೆ ತುರುಕಿ ಕೂತಿದ್ದರು.

ಮಿಯಾವಟ್ಲಾನ್ ಊರು ದಾಟಿದ ಮೇಲೆ ಹತ್ತುದಾರಿ ಶುರು. ಇಪ್ಪತ್ತೇ ನಿಮಿಷಕ್ಕೆ ನನ್ನ ಹೊಟ್ಟೆ ತೊಳಸಿತು. ಕಿಟಕಿಗೆ ಹಣೆ ಒತ್ತಿಕೊಂಡು ಕೂತೆ. ಸೆನ್ಯೋರಾ ನನ್ನ ಮುಖ ನೋಡಿದರು. ಸೆರಗಿನ ಗಂಟು ಬಿಚ್ಚಿದ ಹಾಗೆ ಶಾಲಿನ ತುದಿ ಬಿಚ್ಚಿ, ಕಂದು ಬಣ್ಣದ ಉಂಡೆಯೊಂದನ್ನು ಕೈಗಿಟ್ಟು, “ಚೀಪು ಮಿಹಾ” ಅಂದರು. ಮಿಹಾ ಅಂದರೆ ಮಗಳೇ.

ಬಾಯಿಗೆ ಹಾಕಿಕೊಂಡೆ. ಚಿಗಳಿ! ಹುಣಸೆಹಣ್ಣು, ಉಪ್ಪು, ಬೆಲ್ಲ, ಖಾರ. ಜೀರಿಗೆ ಒಂದಿಲ್ಲ ಅಷ್ಟೆ. ನಮ್ಮ ಶಾಲೆಯ ಎದುರಿನ ಗೂಡಂಗಡಿಯಲ್ಲಿ ಕಡ್ಡಿಗೆ ಚುಚ್ಚಿ ಮಾರುತ್ತಿದ್ದರಲ್ಲ, ಅದೇ. ಮೆಣಸಿನಕಾಯಿ ಅವರ ಕಡೆಯಿಂದ ಪೋರ್ಚುಗೀಸರ ಹಡಗು ಹತ್ತಿ ನಮಗೆ ಬಂತು. ಹುಣಸೆ ನಮ್ಮ ಕಡೆಯ ಸಮುದ್ರಗಳನ್ನು ದಾಟಿ ಸ್ಪೇನಿನವರ ಕಾಲದಲ್ಲಿ ಅವರಿಗೆ ಹೋಯಿತು. ಎರಡನ್ನೂ ಸೇರಿಸಿ ಕುಟ್ಟಿ ಉಂಡೆ ಕಟ್ಟಬಹುದು ಅಂತ ಎರಡು ಕಡೆಯವರಿಗೂ ಹೇಗೆ ಹೊಳೆಯಿತೋ! ಅಲ್ಲಿ ಬೆಲ್ಲವೂ ಇದೆ, ನಮ್ಮದರ ಹಾಗೇ ಅಚ್ಚಿನಲ್ಲಿ ಬರುತ್ತದೆ. ಹೊಟ್ಟೆ ಸರಿಹೋಯಿತು. ಇನ್ನೊಂದು ಉಂಡೆ ಕೇಳಿ ಇಸಿದುಕೊಂಡೆ.

ನನ್ನ ಸ್ಪ್ಯಾನಿಷ್ ಇನ್ನೂ ಹರಕುಮುರುಕು. ಕ್ರಿಯಾಪದ ತಪ್ಪುತ್ತಿತ್ತು, ಲಿಂಗ ತಪ್ಪುತ್ತಿತ್ತು. ಸೆನ್ಯೋರಾ ಸ್ವಲ್ಪ ಹೊತ್ತು ಕೇಳಿಸಿಕೊಂಡು, “ನೀನು ಮೀಹೆಯವಳಾ?” ಅಂದರು. ಮೀಹೆ ಅಂದರೆ ವಹಾಕಾ ರಾಜ್ಯದ ಇನ್ನೊಂದು ಬದಿಯ ಬೆಟ್ಟದ ಜನ. ಆ ಒಂದು ರಾಜ್ಯದಲ್ಲೇ ಹದಿನಾರು ಮೂಲನಿವಾಸಿ ಜನಾಂಗಗಳಿವೆ. ಸೆನ್ಯೋರಾ ಅವರದು ಸಪೊತೆಕ್ ಭಾಷೆ. ಸ್ಪ್ಯಾನಿಷ್ ಅವರಿಗೂ ಕಲಿತ ಭಾಷೆಯೇ. ನನ್ನ ಮುಖ, ನನ್ನ ತಪ್ಪು ಸ್ಪ್ಯಾನಿಷ್, ಎರಡನ್ನೂ ಕೂಡಿಸಿ ಅವರು ಹಾಕಿದ ಲೆಕ್ಕ ಸರಿಯಾಗೇ ಇತ್ತು, ಉತ್ತರ ಮಾತ್ರ ತಪ್ಪು. ತಿದ್ದಬೇಕು ಅಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಕೋಳಿ ಗಂಟಲು ಹರಿದುಕೊಂಡು ಕೂಗಿತು. ಮಾತು ಅದರ ಕಡೆ ತಿರುಗಿತು.

ಕೋಳಿ ಅವರ ತಂಗಿಯ ಮಗನ ಮದುವೆಗೆ. ಉಡುಗೊರೆಯಲ್ಲ, ಸಾಲ. ಸೆನ್ಯೋರಾ ಅವರ ಮಗಳ ಮದುವೆಯಲ್ಲಿ ತಂಗಿ ಒಂದು ಏಳು ಕಿಲೋ ಟರ್ಕಿಯನ್ನೂ ಐದು ಲೀಟರ್ ಮೆಸ್ಕಾಲನ್ನೂ ಕೊಟ್ಟಿದ್ದರಂತೆ. ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಈಗ ಏಳು ಕಿಲೋ ಟರ್ಕಿ, ಐದು ಲೀಟರ್ ಮೆಸ್ಕಾಲ್ ವಾಪಸ್. ಇದಕ್ಕೆ ಗೆಲಗೆಟ್ಸಾ ಅನ್ನುತ್ತಾರೆ. ಜುಲೈನಲ್ಲಿ ವಹಾಕಾದಲ್ಲಿ ಅದೇ ಹೆಸರಿನ ದೊಡ್ಡ ನೃತ್ಯೋತ್ಸವ ನಡೆಯುತ್ತದೆ. ಹೊರಗಿನವರಿಗೆ ಗೊತ್ತಿರುವುದು ಅದು ಮಾತ್ರ. ನನ್ನ ಜೊತೆಯ ಟೀಚರ್ ಒಬ್ಬಳು ಹಿಂದೆ ಇದನ್ನು ವಿವರಿಸಲು ಅರ್ಧ ಗಂಟೆ ತೆಗೆದುಕೊಂಡಿದ್ದಳು. ನನ್ನ ಅಮ್ಮನಿಗಾದರೆ ಒಂದೇ ಮಾತು ಸಾಕು: ಮುಯ್ಯಿ. ನಮ್ಮ ಮನೆಯ ಬೀರುವಿನಲ್ಲೂ ಅಕ್ಕನ ಮದುವೆಗೆ ಮುಯ್ಯಿ ಓದಿಸಿದವರ ಪಟ್ಟಿ ಇದೆ.

ಸಾನ್ ಹೊಸೆ ದೆಲ್ ಪಸಿಫಿಕೊ ಹತ್ತಿರ ಹತ್ತಿರ 2,500 ಮೀಟರ್ ಎತ್ತರದಲ್ಲಿದೆ. ಪೈನ್ ಮರ, ಮಂಜು, ಚಳಿ. ಅಲ್ಲಿ ಬಿಸಿ ಚಾಕೊಲೇಟ್ ಕುಡಿದೆವು. ಇಳಿಜಾರು ಶುರುವಾಗಿ ಅರ್ಧ ಗಂಟೆಯಾಗಿತ್ತು, ವ್ಯಾನು ನಿಂತಿತು. ಡ್ರೈವರ್ ಎಂಜಿನ್ ಆಫ್ ಮಾಡಿ, ಇಳಿದು, ಸಿಗರೇಟು ಹಚ್ಚಿದ.

“ಬ್ಲೊಕೇಯೊ” ಅಂದರು ಸೆನ್ಯೋರಾ, ಮಳೆ ಬಂತು ಅನ್ನುವಷ್ಟು ಸಲೀಸಾಗಿ. ರಸ್ತೆ ತಡೆ.

ವಹಾಕಾದಲ್ಲಿ 570 ಪುರಸಭೆಗಳು. ಅವುಗಳಲ್ಲಿ ನಾನೂರಕ್ಕೂ ಹೆಚ್ಚು ಕಡೆ ಪಕ್ಷಗಳ ಚುನಾವಣೆಯೇ ಇಲ್ಲ. ಊರಿನವರು ಸಭೆ ಸೇರಿ ಮುಖಂಡರನ್ನು ಆರಿಸುತ್ತಾರೆ. ಹಾಗಂತ ಜಗಳ ಕಮ್ಮಿ ಅಂತಲ್ಲ. ಸಣ್ಣ ಹಳ್ಳಿಗೆ ಬರಬೇಕಾದ ದುಡ್ಡನ್ನು ದೊಡ್ಡ ಊರಿನವರು ಕೊಡಲಿಲ್ಲ ಅಂದರೆ ಹಳ್ಳಿಯವರು ಹೆದ್ದಾರಿಗೆ ಬಂದು ಕೂರುತ್ತಾರೆ. ಕಾವೇರಿ ಗಲಾಟೆಯಲ್ಲಿ ಮೈಸೂರು ರಸ್ತೆಯಲ್ಲಿ ಎಂಟು ಗಂಟೆ ಕೂತವಳು ನಾನು. ಹೊಸದೇನಲ್ಲ. “ಯಾವಾಗ ಬಿಡ್ತಾರೆ?” ಅಂತ ಡ್ರೈವರನ್ನು ಕೇಳಿದೆ. “ಅಹೊರಿತಾ” ಅಂದ. ನಮ್ಮ ‘ಇನ್ನೇನು, ಈಗ’ ಇದೆಯಲ್ಲ, ಅದೇ ಇದು. ಐದು ನಿಮಿಷವೂ ಆಗಬಹುದು, ನಾಳೆಯೂ ಆಗಬಹುದು.

ವ್ಯಾನಿನಲ್ಲಿದ್ದ ಇಬ್ಬರು ಪ್ರವಾಸಿ ಹುಡುಗರು ನನ್ನ ಹತ್ತಿರ ಬಂದು, ಫೋನು ನೋಡಿ ಓದಿಕೊಂಡು, ಸ್ಪ್ಯಾನಿಷಿನಲ್ಲಿ ಶೌಚಾಲಯ ಎಲ್ಲಿ ಅಂತ ಕೇಳಿದರು. ನನಗೂ ಗೊತ್ತಿಲ್ಲ ಅಂತ ಇಂಗ್ಲಿಷಿನಲ್ಲಿ ಹೇಳಿದೆ. “ನಿಮ್ಮ ಇಂಗ್ಲಿಷ್ ತುಂಬಾ ಚೆನ್ನಾಗಿದೆ” ಅಂದ ಒಬ್ಬ. ಅದೇ ನನ್ನ ಕೆಲಸ ಅಂದೆ.

ಇಂಥ ಹೊತ್ತಿನಲ್ಲಿ ಜನ ಮಾಡುವುದು ಒಂದೇ. ಇಳಿದು ನಡೆದು ತಡೆಯ ಆಚೆ ಹೋಗುವುದು. ಆ ಕಡೆ ಸಿಕ್ಕಿಕೊಂಡ ಗಾಡಿಗಳು ವಾಪಸ್ ಹೊರಟಿರುತ್ತವೆ, ಅವುಗಳನ್ನು ಹತ್ತುವುದು. ಎರಡು ಕಿಲೋಮೀಟರ್ ಇರಬಹುದು ಅಂದರು. ಸೆನ್ಯೋರಾ ಮೆಸ್ಕಾಲ್ ಕ್ಯಾನನ್ನು ಶಾಲಿನಲ್ಲಿ ಬೆನ್ನಿಗೆ ಕಟ್ಟಿಕೊಂಡು, ನನ್ನನ್ನು ಕೇಳದೆ, ಕೋಳಿಯ ಚೀಲವನ್ನು ನನ್ನ ಕೈಗೆ ಕೊಟ್ಟರು. ಮನೆಯ ಹುಡುಗಿಗೆ ಕೊಟ್ಟ ಹಾಗೆ.

ಏಳು ಕಿಲೋ ಅಂದರೆ ಕಮ್ಮಿ ಅನಿಸಬಹುದು. ಜೀವ ಇರುವ ಏಳು ಕಿಲೋ ಬೇರೆ. ಹೆಗಲಿಗೆ ಹಾಕಿದರೆ ಜಡೆ ಕುಕ್ಕುತ್ತದೆ. ಕೈಯಲ್ಲಿ ಹಿಡಿದರೆ ಮಂಡಿಗೆ ಬಡಿಯುತ್ತದೆ. ಕೊನೆಗೆ ಮಗು ಎತ್ತಿಕೊಂಡ ಹಾಗೆ ಎದೆಗೆ ಅವುಚಿಕೊಂಡೆ. ಅದು ನನ್ನ ಮುಖದ ಹತ್ತಿರ ಮುಖ ತಂದು ಒಂದೇ ಕಣ್ಣಲ್ಲಿ ನೋಡಿತು. ಬೆಚ್ಚಗಿತ್ತು. ಮಂಜಿನಲ್ಲಿ ಅದೊಂದು ಸುಖ. ಮದುವೆಯ ಮೋಲೆಗೆ, ಅಂದರೆ ಮೆಣಸು, ಎಳ್ಳು, ಕೋಕೊ ಎಲ್ಲ ಹುರಿದು ರುಬ್ಬಿದ ಸಾರಿಗೆ, ಬೀಳುವ ಪ್ರಾಣಿ ಅಂತ ಗೊತ್ತಿದ್ದೂ ಅದರ ಜೊತೆ ಕನ್ನಡದಲ್ಲಿ ಮಾತಾಡುತ್ತಾ ನಡೆದೆ.

ತಡೆಯ ಹತ್ತಿರ ರಸ್ತೆಗೆ ಅಡ್ಡ ಹಗ್ಗ, ಕಲ್ಲು, ಒಂದು ಲಾರಿ. ಪಕ್ಕದಲ್ಲಿ ಹೆಂಗಸರು ದೊಡ್ಡ ಪಾತ್ರೆಯಲ್ಲಿ ಕಾಳು ಬೇಯಿಸುತ್ತಿದ್ದರು. ಹಗ್ಗ ಹಿಡಿದಿದ್ದ ಗಂಡಸರು ಪ್ರವಾಸಿ ಹುಡುಗರಿಂದ ತಲೆಗೆ ಐವತ್ತು ಪೆಸೊ ‘ಸಹಕಾರ’ ಇಸಿದುಕೊಂಡರು. ನಾನೂ ಪರ್ಸಿಗೆ ಕೈ ಹಾಕಿದೆ. ಸೆನ್ಯೋರಾ ಸಪೊತೆಕ್‌ನಲ್ಲಿ ಏನೋ ಹೇಳಿ, ಕೊನೆಗೆ ಸ್ಪ್ಯಾನಿಷಿನಲ್ಲಿ, “ಇವಳು ನನ್ನ ತಂಗಿ ಮಗಳು” ಅಂದರು. ಒಬ್ಬ ಕೋಳಿಯನ್ನು ನೋಡಿದ, ನನ್ನನ್ನು ನೋಡಿದ, ಹಗ್ಗ ಇಳಿಸಿದ. ನಾನು ತುಟಿ ಪಿಟಕ್ ಅನ್ನಲಿಲ್ಲ. ಬಾಯಿ ಬಿಟ್ಟರೆ ಮುಗಿಯಿತಲ್ಲ. ಆ ಐವತ್ತು ಪೆಸೊ ಉಳಿದದ್ದು ಸರಿಯೋ ತಪ್ಪೋ ಅಂತ ಈಗಲೂ ಒಮ್ಮೊಮ್ಮೆ ಅನಿಸುತ್ತದೆ. ಆ ಹಳ್ಳಿಯವರು ನೀರಿನ ಪೈಪಿಗೆ ಕೂತಿದ್ದರಂತೆ.

ಆ ಕಡೆ ಒಂದು ಪಿಕಪ್ ಸಿಕ್ಕಿತು. ಹಿಂದೆ ನಿಂತುಕೊಂಡೇ ಇಳಿದೆವು. ಪೈನ್ ಮರ ಹೋಗಿ ದೊಡ್ಡ ಮರಗಳ ನೆರಳಲ್ಲಿ ಕಾಫಿ ಗಿಡಗಳು ಬಂದವು. ಒದ್ದೆ ಎಲೆಯ ವಾಸನೆ. ಕಣ್ಣು ಮುಚ್ಚಿದರೆ ಕೊಪ್ಪ. ಅಲ್ಲೇ ಧೈರ್ಯ ಮಾಡಿ ಹೇಳಿದೆ, ನಾನು ಮೀಹೆ ಅಲ್ಲ, ಇಂಡಿಯಾದವಳು, ಇಲ್ಲಿ ಮೇಷ್ಟ್ರು ಕೆಲಸ ಮಾಡ್ತೀನಿ ಅಂತ. ಸೆನ್ಯೋರಾ ನನ್ನನ್ನು ಸರಿಯಾಗಿ ನೋಡಿದರು. ಬೇಜಾರಾಯಿತೇನೋ ಅಂದುಕೊಂಡೆ. ಅವರು ಕೇಳಿದ್ದು ಬೇರೆ: “ನಿಮ್ಮಲ್ಲಿ ಮದುವೆಗೆ ಏನು ಕೊಡ್ತಾರೆ?” ದುಡ್ಡು, ಪಾತ್ರೆ, ಸೀರೆ ಅಂದೆ. “ಬರೆದಿಡ್ತಾರಾ?” “ಅಮ್ಮ ಬರೆದಿಡ್ತಾರೆ.” ಸಮಾಧಾನವಾದವರ ಹಾಗೆ ತಲೆಯಾಡಿಸಿದರು. ಒಂದು ಕವಲುದಾರಿಯಲ್ಲಿ ಕೋಳಿ ಇಸಿದುಕೊಂಡು ಇಳಿದು, ಉಳಿದ ಹುಣಸೆ ಉಂಡೆಗಳನ್ನು ಕಾಗದ ಸಮೇತ ಕೊಟ್ಟು ಹೋದರು.

ಮಸುಂತೆ ಮುಟ್ಟಿದಾಗ ರಾತ್ರಿ ಹತ್ತು. ಸಮುದ್ರ ಕಾಣಲಿಲ್ಲ, ಕೇಳಿಸಿತು. ನಾಲ್ಕು ದಿನ ಇದ್ದೆ, ಆಮೆಗಳನ್ನು ನೋಡಿದೆ, ಮೈ ಇನ್ನಷ್ಟು ಕಪ್ಪಾಯಿತು. ಸ್ವೆಟರಿನಲ್ಲಿ ಸಿಕ್ಕಿದ್ದ ಒಂದು ಪುಕ್ಕ ಇಟ್ಟುಕೊಂಡೆ.

ರಜೆ ಮುಗಿದ ಮೊದಲ ದಿನ ಕ್ಲಾಸಿನಲ್ಲಿ ಪುಕ್ಕ ತೋರಿಸಿದೆ. ಇಂಗ್ಲಿಷಿನಲ್ಲಿ ಏನಂತಾರೆ ಅಂತ ಕೇಳಿದೆ. “ಟರ್ಕಿ!” ನೀವೇನಂತೀರಿ? “ಗ್ವಾಹೊಲೋತೆ!” ಅದು ಅಜ್ಟೆಕರ ನಾವಾಟ್ಲ್ ಭಾಷೆಯ ಮಾತು. ಯಾಕಂದರೆ ಹಕ್ಕಿ ಇಲ್ಲಿಯದೇ. ಈ ನೆಲದವರೇ ಸಾಕಿ ಪಳಗಿಸಿದ್ದು. ಯೂರೋಪಿಗೆ ಹೋದ ಮೇಲೆ ಎಲ್ಲಿಂದ ಬಂತು ಅಂತ ತಿಳಿಯದೆ ಇಂಗ್ಲಿಷಿನವರು ಟರ್ಕಿ ದೇಶದ್ದು ಅಂದುಕೊಂಡರು. ಫ್ರೆಂಚರು ಇಂಡಿಯಾದ ಕೋಳಿ ಅಂದರು. “ಸರಿ, ಟರ್ಕಿ ದೇಶದವರು ಏನಂತಾರೆ ಗೊತ್ತಾ?” ಅಂತ ಕೇಳಿ ಬೋರ್ಡಿನ ಮೇಲೆ ಬರೆದೆ: ಹಿಂದಿ.

ಹಿಂದಿನ ಬೆಂಚಿನ ಹುಡುಗ ಒಂದು ನಿಮಿಷ ಬೋರ್ಡು ನೋಡಿದ, ನನ್ನನ್ನು ನೋಡಿದ.

“ಟೀಚರ್, ಹಾಗಾದ್ರೆ ಅದೂ ನಿಮ್ಮ ಹಾಗೇ ಹಿಂದೂನಾ?”